ಇನ್ನೊಂದು ಸೀಸನ್

ಮಲ್ಪೆ ದಕ್ಕೆಯಲ್ಲಿ ಜುಲೈ ತಿಂಗಳ ಕೊನೆಯ ವಾರ.
ದಡಕ್ಕೆಳೆದ ಬೋಟುಗಳ ಹೊಟ್ಟೆಗೆ ಹುಡುಗರು ಬಣ್ಣ ಬಳಿಯುತ್ತಿದ್ದಾರೆ.
ಲೀಲಾಧರ ಕುಂದರ್ ನನ್ನನ್ನು ಎಂಜಿನ್ ಕೋಣೆಗಿಳಿಸಿ
ಮೇಲಿಂದ ಟಾರ್ಚು ಹಿಡಿದು ಕೇಳುತ್ತಾರೆ:
"ಬೆನೆಟಣ್ಣ, ಇನ್ನೊಂದು ಸೀಸನ್ ಬಂದೀತಾ?"

ಇದೇ ಪ್ರಶ್ನೆ.
ಗೋರಖಪುರದ ಹ್ಯಾಂಗರಿನಲ್ಲಿ ಹಿಂದಿಯಲ್ಲಿ,
ಫೈಲುಗಳಲ್ಲಿ ಇಂಗ್ಲಿಷಿನಲ್ಲಿ,
ಇಪ್ಪತ್ತೆರಡು ವರ್ಷ ಕೇಳಿದ್ದೇನೆ.

ಜಾಗ್ವಾರ್ ಅಂದರೆ ನಮ್ಮ ಕಡೆಯ ಮಕ್ಕಳು ಕಾರು ಅಂದುಕೊಳ್ಳುತ್ತಾರೆ.
ಮೂಗು ಚೂಪು, ಕಾಲು ಉದ್ದ,
ಮರದ ತಲೆ ಸವರುವಷ್ಟು ತಗ್ಗಿನಲ್ಲಿ ಹೋಗಿ
ಬಾಂಬು ಹಾಕಿ ಬರಲೆಂದೇ ಹುಟ್ಟಿದ ಯಂತ್ರ.
ಅದಕ್ಕೂ ನನಗೂ ಪ್ರಾಯದಲ್ಲಿ ಎರಡೇ ವರ್ಷದ ಅಂತರ.
ಮಾಡಿದವರು ಮಾಡುವುದನ್ನು ಬಿಟ್ಟಿದ್ದರು.
ಹೊರಗಿನವರು ಮೂಲೆಗೆ ಹಾಕಿದ್ದನ್ನು ನಾವು ಪೆಟ್ಟಿಗೆಯಲ್ಲಿ ತರಿಸಿ,
ಬಿಚ್ಚಿ, ತೊಳೆದು,
ಒಂದರ ಮೂಳೆ ಇನ್ನೊಂದಕ್ಕೆ ಕೂಡಿಸಿದೆವು.
ಒಮ್ಮೆ ಒಂದು ಮುಚ್ಚಳದ ಒಳಬದಿಯಲ್ಲಿ
ಪೆನ್ಸಿಲಿನಲ್ಲಿ ಯಾರದೋ ಹೆಸರು, ಅರಬ್ಬಿ ಅಕ್ಷರ.
ನನ್ನ ಹಾಗೆಯೇ ಯಾರೋ ಒಬ್ಬ ಫಿಟ್ಟರ್.
ಒರೆಸಲಿಲ್ಲ. ಕೆಳಗೆ ಕನ್ನಡದಲ್ಲಿ ಬರೆದೆ: ಬೆನೆಟ್ ಅಮ್ಮನ್ನ, ಮಲ್ಪೆ.

ಅಭಿಮಾನವಿತ್ತು, ಸುಳ್ಳು ಯಾಕೆ ಹೇಳಲಿ.
ನನ್ನಜ್ಜ ಹಂಚಿನ ಕಾರ್ಖಾನೆಯಲ್ಲಿ ಬಿರಿದ ಪ್ರೆಸ್ಸೊಂದನ್ನು
ಮೂವತ್ತು ವರ್ಷ ನಡೆಸಿದವರು.
ಎಸೆಯುವವನಿಗೆ ಕೈಯಿಲ್ಲ, ಅನ್ನುತ್ತಿದ್ದರು.

ಹೊಸ ಎಂಜಿನ್ ಬರುತ್ತದೆ ಎಂದರು. ಬರಲಿಲ್ಲ.
ಹೊಸ ವಿಮಾನವೇ ಬರುತ್ತದೆ ಎಂದರು.
ಸಮಿತಿ ಕೂತಿತು, ಎದ್ದಿತು, ಊಟಕ್ಕೆ ಹೋಯಿತು.
ಅಷ್ಟರಲ್ಲಿ ನಾಳೆಯ ಹಾರಾಟದ ಪಟ್ಟಿ ಬೋರ್ಡಿಗೆ ಬಂದಿರುತ್ತಿತ್ತು,
ನಾವು ರಾತ್ರಿಯಿಡೀ ಕೂತು
ಅಷ್ಟನ್ನೂ ತಯಾರು ಮಾಡಿ ಸಾಲಾಗಿ ನಿಲ್ಲಿಸಿರುತ್ತಿದ್ದೆವು.

ಹಝಾರಿಕಾ ಏಣಿ ಹತ್ತುವ ಮುಂಚೆ
ರೆಕ್ಕೆಯಡಿ ಎರಡು ಸಲ ತಟ್ಟುತ್ತಿದ್ದ,
ಎಮ್ಮೆಯ ಬೆನ್ನು ತಟ್ಟಿದ ಹಾಗೆ.
ಇಪ್ಪತ್ತಾರು ವರ್ಷ. ಮೀನಿನ ಸಾರಿಗೆ ಹುಳಿ ಹಾಕುವುದರ ಬಗ್ಗೆ
ನನ್ನೊಡನೆ ಜಗಳ ಬಾಕಿ ಇತ್ತು.
ಫಾರ್ಮಿಗೆ ಸಹಿ ಹಾಕಿದ್ದು ನಾನು.
ವಿಚಾರಣೆಯಲ್ಲಿ ನನ್ನ ಸಹಿ ಸರಿಯಿತ್ತು.
ಬೋಲ್ಟು ಸರಿಯಿತ್ತು, ಬಿಗಿ ಸರಿಯಿತ್ತು, ತಾರೀಖು ಸರಿಯಿತ್ತು.
ಮೇ ತಿಂಗಳ ಮಧ್ಯಾಹ್ನ, ಹೊರೆ ಹೆಚ್ಚು,
ಎಂಜಿನಿಗೆ ಉಸಿರು ಸಾಲಲಿಲ್ಲ, ಅಷ್ಟೆ.
ಹೆಲ್ಮೆಟ್ಟು ಕಬ್ಬಿನ ಗದ್ದೆಯಲ್ಲಿ ಸಿಕ್ಕಿತು.

ಅಂದಿನಿಂದ ಒಂದು ಲೆಕ್ಕ ಕೂಡುವುದೇ ಇಲ್ಲ:
ನಾವು ಸ್ವಲ್ಪ ಕೆಟ್ಟ ಕೆಲಸಗಾರರಾಗಿದ್ದರೆ,
ಅರ್ಧ ವಿಮಾನಗಳು ಮೊದಲೇ ಕೆಟ್ಟು ನಿಂತಿದ್ದರೆ,
ದಿಲ್ಲಿಯಲ್ಲಿ ಯಾರಿಗಾದರೂ ಗಾಬರಿಯಾಗುತ್ತಿತ್ತೇನೋ.
ನಮ್ಮ ಕೈಗುಣದ ಮೇಲೆ ಅವರು ತಲೆಯಿಟ್ಟು ಮಲಗಿದರು.

ಇಲ್ಲ, ಇದೂ ಪೂರ್ತಿ ನಿಜವಲ್ಲ.
ಹೊಸದೂ ಬೀಳುತ್ತದೆ.
ಬಾಂಬು ಯಾರ ಮಾಡಿನ ಮೇಲೆ ಬೀಳುತ್ತದೋ
ಅವರಿಗೆ ವಿಮಾನದ ಪ್ರಾಯ ತಿಳಿಯುವುದಿಲ್ಲ.
ಆ ಮಾತನ್ನು ಹ್ಯಾಂಗರಿನಲ್ಲಿ ಯಾರೂ ಎತ್ತಲಿಲ್ಲ.
ನಾನೂ ಎತ್ತಲಿಲ್ಲ. ಚಾ ತಣ್ಣಗಾಗುತ್ತದೆಂದು ಕುಡಿದೆ.

ಟಾರ್ಚು ಅಲ್ಲಾಡುತ್ತದೆ.
ಇದು ಲಾರಿಯಿಂದ ಇಳಿದು ಕಡಲಿಗೆ ಬಂದ ಎಂಜಿನ್.
ಬ್ಲಾಕಿನಲ್ಲಿ ಕೂದಲೆಳೆಯಷ್ಟು ಬಿರುಕು.
ನಾನು ಬೆಸೆದರೆ ನಿಲ್ಲುತ್ತದೆ,
ಡಿಸೆಂಬರಿನ ತನಕ, ಯಾರಿಗೆ ಗೊತ್ತು, ಏಪ್ರಿಲಿನ ತನಕ.
ಹೊಸದಕ್ಕೆ ಎಂಟು ಲಕ್ಷ, ಬಲೆ ಬೇರೆ, ಐಸು ಬೇರೆ,
ಕುಂದರ್ ಬೆರಳು ಮಡಚುತ್ತಿದ್ದಾರೆ.
ಡೆಕ್ಕಿನ ಮೇಲೆ ಅವರ ಹೊಸ ಕಲಾಸಿ, ಕುಮಟಾ ಕಡೆಯವ,
ಬರಿಗಾಲಲ್ಲಿ ಧಡಧಡ ಓಡಾಡುತ್ತಿದ್ದಾನೆ.
ಹೆಸರು ಕೇಳಲಿಲ್ಲ. ಕೇಳಿದರೆ ಕಷ್ಟ.

"ಎಂಥ ಬೆನೆಟಣ್ಣ, ಆಗುವುದಿಲ್ವಾ?"
"ಆಗ್ತದೆ," ಅಂದೆ. "ತೊಂದರೆ ಇರುವುದೇ ಅದರಲ್ಲಿ."
ಅವರಿಗೆ ತಲೆಬುಡ ತಿಳಿಯಲಿಲ್ಲ.
ಸ್ಪ್ಯಾನರ್ ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ.
ಟಾರ್ಚಿನ ಬೆಳಕಿನಲ್ಲಿ ಎಲ್ಲ ಬಿರುಕೂ ಸಣ್ಣದೇ ಕಾಣುತ್ತದೆ.
"ಮೊದಲು ಇದನ್ನು ಹೊರಗೆ ತೆಗೆಯುವ.
ದಡದ ಮೇಲಿಟ್ಟು ಹಗಲಲ್ಲಿ ನೋಡುವ.
ಆ ಹುಡುಗನನ್ನೂ ಕರೆಯಿರಿ, ಅವನೂ ನೋಡಲಿ."